ಎರಡು ಲೀಟರ್ ನೀರು, ಮೂರು ಗ್ರಾಂ ಉಪ್ಪು

ಹೋದ ತಿಂಗಳು ಒಂದು ಮಧ್ಯಾಹ್ನ, ನರ್ಸರಿಯಲ್ಲಿ ಹಸಿರು ಪರದೆಯ ಕೆಳಗೆ ಕುಳಿತು ಟ್ರೇಗಳಿಗೆ ಮಣ್ಣು ತುಂಬುತ್ತಿದ್ದೆ. ಹಿರಿಯ ಹೆಣ್ಣುಮಗಳೊಬ್ಬರು ಮಗನ ಸ್ಕೂಟರಿನ ಹಿಂದೆ ಕುಳಿತು, ದೊಡ್ಡದೊಂದು ಕುಂಡವನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಒಳಗಿದ್ದದ್ದು ಲಿಂಬೆ ಗಿಡ. ಒಂದೂವರೆ ವರ್ಷದ ಹಿಂದೆ ನಾನೇ ಕೊಟ್ಟ ಸಸಿ, ನೋಡಿದ ಕೂಡಲೇ ಗುರುತು ಹಿಡಿದೆ. ಎಲೆಗಳ ತುದಿ ಮತ್ತು ಅಂಚು ಹೆಂಚಿನ ಮೇಲೆ ಸೀದ ರೊಟ್ಟಿಯಂತೆ ಕಂದಾಗಿದ್ದವು. ಹೊಸ ಚಿಗುರು ಹೆಬ್ಬೆರಳಿನ ಉಗುರಿನಷ್ಟಕ್ಕೇ ನಿಂತುಬಿಟ್ಟಿತ್ತು. ಕುಂಡದ ಬಾಯಿಯ ಸುತ್ತ ಬಿಳಿ ಪದರು. ಉಗುರಿನಿಂದ ಕೆರೆದರೆ ಸುಣ್ಣದಂತೆ ಉದುರಿತು.

‘ತಂಗಿ, ಇದಕ್ಕೆ ಯಾವ ಗೊಬ್ಬರ ಹಾಕಲಿ ಹೇಳು’ ಎಂದರು.

‘ಅಕ್ಕಾ, ಮೊದಲು ಯಾವ ನೀರು ಹಾಕುತ್ತೀರಿ ಹೇಳಿರಿ.’

‘ನೀರಿಗೇನು, ದಿನಾ ಎರಡು ತಂಬಿಗೆ ತಪ್ಪದೆ ಹಾಕುತ್ತೇನೆ. ಊರಿಗೆ ಹೋದರೂ ಸೊಸೆಗೆ ಹೇಳಿ ಹೋಗುತ್ತೇನೆ.’

ಇನ್ನಷ್ಟು ಕೇಳಿದ ಮೇಲೆ ವಿಷಯ ತಿಳಿಯಿತು. ಅವರ ಮನೆಗೆ ಬರುವುದು ಬೋರಿನ ನೀರು. ಕುಡಿಯಲು ಆರ್‌ಓ ಯಂತ್ರ ಕೂಡಿಸಿದ್ದಾರೆ. ಶುದ್ಧ ನೀರು ಒಂದು ಕಡೆ ಬಂದರೆ, ಬೇಡದ ನೀರು ಇನ್ನೊಂದು ನಳಿಕೆಯಿಂದ ಸಿಂಕಿಗೆ ಹರಿಯುತ್ತದಲ್ಲ, ಆ ನಳಿಕೆಯ ಕೆಳಗೆ ಬಕೆಟ್ ಇಟ್ಟು ಅದನ್ನೇ ತಂದು ಗಿಡಗಳಿಗೆ ಹಾಕುತ್ತಿದ್ದರು. ಹನಿ ನೀರೂ ಚರಂಡಿಗೆ ಹೋಗಬಾರದು ಎಂಬುದು ಅವರ ಆಸೆ.

ಆ ಆಸೆಯನ್ನು ನಾನು ತಪ್ಪು ಎನ್ನಲಾರೆ. ವಿಜಯಪುರದಲ್ಲಿ ಹುಟ್ಟಿ ಬೆಳೆದ ಯಾರಿಗೂ ನೀರು ಚೆಲ್ಲಲು ಕೈ ಬರುವುದಿಲ್ಲ. ಟ್ಯಾಂಕರ್ ಬಂದಾಗ ಸಾಲಿನಲ್ಲಿ ಕೊಡ ಇಟ್ಟು ನಿಂತ ನೆನಪು ನಮ್ಮ ವಯಸ್ಸಿನ ಎಲ್ಲರಿಗೂ ಇದೆ. ಆದರೆ ಆ ಯಂತ್ರ ಮಾಡುವ ಕೆಲಸವೇನು? ಒಳಗೆ ಹೋದ ನೀರಿನ ಉಪ್ಪನ್ನೆಲ್ಲ ಒಂದು ಬದಿಗೆ ತಳ್ಳಿ, ಆ ಉಪ್ಪನ್ನು ಹೊತ್ತ ನೀರನ್ನು ಹೊರಗೆ ಬಿಡುವುದು. ಮೊದಲೇ ಸವಳಾಗಿದ್ದ ನೀರು ಇನ್ನಷ್ಟು ಸವಳಾಗಿ ಬಕೆಟ್ಟಿಗೆ ಬೀಳುತ್ತದೆ. ಮಗನನ್ನು ಮನೆಗೆ ಕಳಿಸಿ ಬಾಟಲಿಯಲ್ಲಿ ಆ ನೀರು ತರಿಸಿದೆ. ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಲೀಟರಿಗೆ 1,900 ಮಿಲಿಗ್ರಾಂ ತೋರಿಸಿತು. ಅಂದರೆ ಒಂದು ಲೀಟರಿನಲ್ಲಿ ಹತ್ತಿರ ಹತ್ತಿರ ಎರಡು ಗ್ರಾಂ ಕರಗಿದ ಉಪ್ಪು.

ಇದೇ ನೀರು ಕೃಷ್ಣೆಯ ನಳದ ನೀರಿರುವ ಮನೆಯ ಯಂತ್ರದಿಂದ ಬಂದಿದ್ದರೆ ನಾನು ಏನೂ ಹೇಳುತ್ತಿರಲಿಲ್ಲ. 250 ಇದ್ದದ್ದು 350 ಆಗಿ ಹೊರಬಂದರೆ ಗಿಡಕ್ಕೆ ಏನೂ ಆಗುವುದಿಲ್ಲ. ಯಂತ್ರದ ಒಳಗೆ ಹೋಗುವ ನೀರು ಯಾವುದು ಎಂಬುದೇ ಇಲ್ಲಿ ಮುಖ್ಯ.

ನಮ್ಮ ನರ್ಸರಿಯ ಬೋರಿನ ನೀರು 1,600. ಅದನ್ನೇ ಲೆಕ್ಕ ಹಾಕಿ ನೋಡಿರಿ. ಒಂದು ಕುಂಡಕ್ಕೆ ದಿನಕ್ಕೆ ಎರಡು ಲೀಟರ್ ಹಾಕಿದರೆ ಮೂರು ಗ್ರಾಂಗಿಂತ ತುಸು ಹೆಚ್ಚು ಉಪ್ಪು ಕುಂಡದೊಳಗೆ ಹೋಗುತ್ತದೆ. ನೀರನ್ನು ಗಿಡ ಕುಡಿಯುತ್ತದೆ, ಬಿಸಿಲು ಕುಡಿಯುತ್ತದೆ. ಉಪ್ಪನ್ನು ಬಿಸಿಲು ಒಯ್ಯುವುದಿಲ್ಲ, ಗಿಡವೂ ಅದರಲ್ಲಿ ಸ್ವಲ್ಪವನ್ನಷ್ಟೇ ಎಳೆದುಕೊಳ್ಳುತ್ತದೆ. ತಳದ ತೂತಿನಿಂದ ನೀರು ಸೋರದಂತೆ ಅಳೆದು ಸುರಿದು ಒಂದು ವರ್ಷ ಕಳೆದರೆ, ಆ ಕುಂಡದಲ್ಲಿ ಒಂದು ಕಿಲೋಗಿಂತ ಹೆಚ್ಚು ಉಪ್ಪು ಕೂಡುತ್ತದೆ. ಕಿರಾಣಿ ಅಂಗಡಿಯ ಒಂದು ಉಪ್ಪಿನ ಪಾಕೀಟು! ಇದನ್ನು ಹೇಳಿದಾಗ ಆ ಅಕ್ಕ ಬಾಯಿಯ ಮೇಲೆ ಸೆರಗು ಇಟ್ಟುಕೊಂಡರು.

ಉಪ್ಪು ಬೇರಿಗೆ ಏನು ಮಾಡುತ್ತದೆ ಎಂಬುದನ್ನು ನಾನು ಪುಸ್ತಕಕ್ಕಿಂತ ಮೊದಲು ಭರಣಿಯಲ್ಲಿ ನೋಡಿದ್ದೇನೆ. ಇಂಡಿ ಲಿಂಬೆಯನ್ನು ನಾಲ್ಕು ಹೋಳು ಮಾಡಿ ಉಪ್ಪು ಸವರಿ ಭರಣಿಗೆ ತುಂಬುತ್ತೇವೆ. ಹಾಕುವಾಗ ಒಂದು ಹನಿ ನೀರೂ ಸೇರಿಸುವುದಿಲ್ಲ. ತೇವ ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಎಂದು ಚಮಚವನ್ನೂ ಒರೆಸಿಕೊಂಡಿರುತ್ತೇವೆ. ಮರುದಿನ ಮುಚ್ಚಳ ತೆಗೆದರೆ ಹೋಳುಗಳು ಮೆತ್ತಗಾಗಿ, ಭರಣಿಯ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿರುತ್ತದೆ. ಆ ನೀರು ಬಂದದ್ದು ಹೋಳಿನ ಒಳಗಿನಿಂದ. ಹೊರಗೆ ಉಪ್ಪು ಹೆಚ್ಚಿದ್ದರೆ ಒಳಗಿನ ನೀರು ಹೊರಗೆ ಎಳೆಯಲ್ಪಡುತ್ತದೆ. ಬೇರು ಮತ್ತು ಮಣ್ಣಿನ ನಡುವೆ ನಡೆಯುವುದೂ ಇದೇ. ಮಣ್ಣಿನ ತೇವದಲ್ಲಿ ಉಪ್ಪು ಏರಿದಂತೆಲ್ಲ ಬೇರು ನೀರನ್ನು ಎಳೆದುಕೊಳ್ಳಲು ಹೆಚ್ಚು ಹೆಚ್ಚು ಹೆಣಗಬೇಕು. ಮಣ್ಣು ಮುಟ್ಟಿದರೆ ಒದ್ದೆ, ಗಿಡ ನೋಡಿದರೆ ಬಾಯಾರಿದೆ. ಮನೆಯವರು ‘ಬಾಡಿದೆ’ ಎಂದು ಅದೇ ನೀರನ್ನು ಇನ್ನೊಂದು ತಂಬಿಗೆ ಸುರಿಯುತ್ತಾರೆ.

ನಾನು ಇದನ್ನು ಕಲಿತದ್ದು ನಷ್ಟ ತಿಂದ ಮೇಲೆ. 2019ರ ಬೇಸಿಗೆ, ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಒಬ್ಬ ರೈತರು ಐದು ಸಾವಿರ ಮೆಣಸಿನ ಅಗಿ (ಸಸಿ) ಬೇಕೆಂದು ಮುಂಗಡ ಕೊಟ್ಟು ಹೋಗಿದ್ದರು. ಅಲ್ಲಿಯವರೆಗೆ ಟ್ರೇಗಳಿಗೆ ನಳದ ನೀರನ್ನೇ ಹಿಡಿದಿಟ್ಟು ಹಾಕುತ್ತಿದ್ದೆವು. ಆ ವರ್ಷ ನಳ ಬರುವುದು ಅಪರೂಪವಾಯಿತು, ಬೋರಿನ ನೀರು ಹಾಕಿದೆ. ಬೀಜ ಮೊಳೆಯಲೇ ಹಿಂದೆ ಬಿತ್ತು. ಅರ್ಧದಷ್ಟು ಎದ್ದವು, ಎದ್ದವುಗಳ ಎಳೆ ಎಲೆಯ ಅಂಚು ಸುಟ್ಟಿತು. ನಾನು ರೋಗ ಎಂದುಕೊಂಡು ಔಷಧಿ ಹೊಡೆದೆ. ಗೊಬ್ಬರದ ನೀರು ಕೊಟ್ಟೆ. ಗೊಬ್ಬರವೂ ಉಪ್ಪೇ ಎಂಬುದು ಆಗ ಹೊಳೆಯಲಿಲ್ಲ. ಉರಿಯುವ ಗಾಯದ ಮೇಲೆ ಇನ್ನಷ್ಟು ಉಪ್ಪು ಸುರಿದಂತೆ ಆಯಿತು.

ನಮ್ಮ ಮಾವನವರು ಆಗ ಇದ್ದರು. ಈ ನರ್ಸರಿ ಅವರು ಕಟ್ಟಿದ್ದು. ಮೊಣಕಾಲು ನೋವಿನಿಂದ ಹೊರಗೆ ಬರುವುದನ್ನು ಬಿಟ್ಟಿದ್ದವರು ಅಂದು ಕೋಲು ಊರಿಕೊಂಡು ಬಂದರು. ಎಲೆ ನೋಡಲಿಲ್ಲ. ಟ್ರೇಯ ತಳದಿಂದ ಇಳಿಯುತ್ತಿದ್ದ ನೀರಿಗೆ ಬೆರಳು ಹಿಡಿದು ನಾಲಿಗೆಗೆ ಹಚ್ಚಿಕೊಂಡರು. ‘ನೀನೂ ನೋಡವ್ವ’ ಎಂದರು. ನೋಡಿದೆ. ಸಾರಿಗೆ ಉಪ್ಪು ಹೆಚ್ಚಾದ ರುಚಿ. ‘ಕೂಸಿಗೆ ಇದನ್ನು ಕುಡಿಸುತ್ತೀಯಾ?’ ಎಂದು ಕೇಳಿದರು, ಬೈಯಲಿಲ್ಲ. ಮುಂಗಡ ಹಿಂದಿರುಗಿಸಿದೆವು. ಆ ರೈತರಿಗೆ ಹಣ ಹೋಗಲಿಲ್ಲ, ಆದರೆ ನಾಟಿಯ ಹದ ಹೋಯಿತು. ಅದನ್ನು ನಾನು ಹೇಗೆ ಹಿಂದಿರುಗಿಸಲಿ? ಇವತ್ತಿಗೂ ಅವರು ರಸ್ತೆಯಲ್ಲಿ ಸಿಕ್ಕರೆ ನನ್ನ ತಲೆ ತಗ್ಗುತ್ತದೆ.

ಆಮೇಲೆ ಮೀಟರ್ ಕೊಂಡೆ. ಕೃಷಿಯವರು ಕೊಡುವ ಪಟ್ಟಿಗಳನ್ನು ಓದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ, ಲೀಟರಿಗೆ 450 ಮಿಲಿಗ್ರಾಂ ಒಳಗಿನ ಉಪ್ಪಿನ ನೀರನ್ನು ಯಾವ ಬೆಳೆಗೂ ಚಿಂತೆಯಿಲ್ಲದೆ ಹಾಯಿಸಬಹುದು. 450ರಿಂದ 2,000ದವರೆಗೆ ಬೆಳೆ ನೋಡಿ, ಮಣ್ಣು ನೋಡಿ ಹಾಕಬೇಕು. 2,000 ದಾಟಿದರೆ ಬಹಳ ಎಚ್ಚರ ಬೇಕು. ನನ್ನ ಬೋರು ನಡುವಿನ ಪಟ್ಟಿಯ ಮೇಲ್ತುದಿಯಲ್ಲಿದೆ. ಅಂದರೆ ಅದು ಎಲ್ಲ ಗಿಡಕ್ಕೂ ವಿಷವಲ್ಲ. ಯಾವ ಗಿಡಕ್ಕೆ ಎಂಬುದೇ ಪ್ರಶ್ನೆ.

ಇಲ್ಲಿ ನನಗೆ ತವರು ನೆನಪಾಗುತ್ತದೆ. ನನ್ನ ತವರು ತಾಳಿಕೋಟೆ ಕಡೆ, ಡೋಣಿ ನದಿಯ ಬದಿ. ‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ಡೋಣಿಯ ನೀರು ಸವಳು, ಬಾಯಿಗೆ ಹಾಕಲಾಗದು. ಇಂಥ ಉಪ್ಪು ನದಿಯ ದಂಡೆಯಲ್ಲಿ ಅಷ್ಟು ಜೋಳ ಹೇಗೆ ಬೆಳೆಯುತ್ತದೆ ಎಂದು ಚಿಕ್ಕವಳಿದ್ದಾಗ ಅಜ್ಜನನ್ನು ಕೇಳಿದ್ದೆ. ‘ಜೋಳಕ್ಕೆ ಹೊಳೆಯ ನೀರನ್ನು ಯಾರು ಕೊಟ್ಟರು? ಎರೆ ಭೂಮಿ ಮಳೆ ನೀರನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ’ ಎಂದಿದ್ದರು. ಪ್ರವಾಹ ಬಂದಾಗ ನದಿ ಮೆಕ್ಕಲು ಮಣ್ಣು ಹರಡಿ ಹೋಗುತ್ತದೆ. ಹಿಂಗಾರಿಯ ಬಿಳಿಜೋಳ ಮಣ್ಣೊಳಗಿನ ಮಳೆಯ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲೇ ತೆನೆ ಕಟ್ಟುತ್ತದೆ. ಅಜ್ಜನ ಮಾತಿಗೆ ನಾನು ಈಗ ಇನ್ನೊಂದನ್ನು ಸೇರಿಸುತ್ತೇನೆ: ಜೋಳ ತಾನೇ ಗಟ್ಟಿ ಬೆಳೆ. ಬೇರಿನ ಸುತ್ತಲಿನ ಉಪ್ಪನ್ನು ಅಳೆಯುವ ಡೆಸಿಸೀಮೆನ್ಸ್ ಲೆಕ್ಕದಲ್ಲಿ (ಇದು ಮಿಲಿಗ್ರಾಂ ಅಲ್ಲ, ಬೇರೆ ಅಳತೆ; ಉಪ್ಪು ಹೆಚ್ಚಿದಂತೆ ಅಂಕಿ ಏರುತ್ತದೆ) ಹುರಳಿಕಾಯಿ 1 ದಾಟಿದರೆ ಇಳುವರಿ ಇಳಿಸುತ್ತದೆ, ಉಳ್ಳಾಗಡ್ಡಿ 1.2ಕ್ಕೆ, ಮೆಣಸಿನಕಾಯಿ 1.5ಕ್ಕೆ, ಟೊಮೆಟೊ 2.5ಕ್ಕೆ. ಜೋಳ 6.8ರವರೆಗೆ ತಡೆಯುತ್ತದೆ, ಹತ್ತಿ 7.7ರವರೆಗೆ. ಈ ಅಂಕಿಗಳನ್ನು ಮೊದಲ ಸಲ ನೋಡಿದಾಗ ನಮ್ಮ ಹಿರಿಯರು ಈ ನೆಲಕ್ಕೆ ಯಾವ ಬೆಳೆ ಆರಿಸಿಕೊಂಡಿದ್ದರು ಎಂಬುದು ಕಣ್ಣಿಗೆ ಕಟ್ಟಿತು. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೂ ಇದೇ ಜಾಣತನ ಮಾಡುತ್ತಾರೆ. ಮೊದಲು ಡಾಗ್‌ರಿಜ್ ಎಂಬ ಗಟ್ಟಿ ಕಾಡು ದ್ರಾಕ್ಷಿಯನ್ನು ನೆಟ್ಟು, ಅದರ ಮೇಲೆ ಥಾಮ್ಸನ್ ಕಸಿ ಕಟ್ಟುತ್ತಾರೆ. ಬರ ಮತ್ತು ಸವಳನ್ನು ತಾಳುವ ಬೇರು ಕೆಳಗೆ, ಮಾರುಕಟ್ಟೆಯ ಹಣ್ಣು ಮೇಲೆ.

ಲಿಂಬೆಗೆ ಆ ಗುಣವಿಲ್ಲ. ಲಿಂಬೆ, ಕಿತ್ತಳೆ, ಮೋಸಂಬಿ ಎಲ್ಲವೂ ಉಪ್ಪಿಗೆ ಬೇಗ ಸೋಲುವ ಜಾತಿ. ಸವಳು ನೀರನ್ನು ಎಲೆಯ ಮೇಲೆ ಸಿಂಪಡಿಸಿದರಂತೂ ಬೇರಿಗಿಂತ ಮೊದಲು ಎಲೆಯೇ ಉಪ್ಪು ಹೀರಿ ಸುಡುತ್ತದೆ. ದೂಳು ತೊಳೆಯಲೆಂದು ಪೈಪು ಹಿಡಿಯುವವರಿಗೆ ಇದನ್ನು ತಪ್ಪದೆ ಹೇಳುತ್ತೇನೆ.

ಉಪ್ಪಿನದು ಒಂದು ಕಥೆಯಾದರೆ ಗಡಸುತನದ್ದು ಇನ್ನೊಂದು. ಬೋರಿನ ನೀರಿನಲ್ಲಿ ತೊಗರಿ ಬೇಳೆ ಎಷ್ಟು ಸೀಟಿ ಕೂಗಿಸಿದರೂ ಗಟ್ಟಿಯಾಗೇ ಉಳಿಯುತ್ತದೆ, ಸಾಬೂನು ನೊರೆ ಬಿಡುವುದಿಲ್ಲ, ಹಂಡೆಯ ಒಳಗೆ ಬಿಳಿ ಪದರು ಕಟ್ಟುತ್ತದೆ. ಮೀಟರ್ ಇಲ್ಲದವರಿಗೆ ಅಡುಗೆಮನೆಯೇ ಪ್ರಯೋಗಶಾಲೆ. ಇಂಥ ನೀರಿನಲ್ಲಿ ಸುಣ್ಣದ ಅಂಶದ ಜೊತೆಗೆ ಬೈಕಾರ್ಬೊನೇಟ್ ಸಾಮಾನ್ಯವಾಗಿ ಇರುತ್ತದೆ. ಅದು ಮಣ್ಣನ್ನು ದಿನದಿನಕ್ಕೆ ಕ್ಷಾರದ ಕಡೆ ಎಳೆಯುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗದಂತೆ ಆಗುತ್ತದೆ. ಗುರುತು ಸುಲಭ: ಹಳೆಯ ಎಲೆ ಹಸಿರಾಗಿರುತ್ತದೆ, ಹೊಸ ಎಲೆ ಹಳದಿಯಾಗಿ ಅದರ ನರಗಳು ಮಾತ್ರ ಹಸಿರು ಗೆರೆಗಳಂತೆ ಎದ್ದು ಕಾಣುತ್ತವೆ. ದಾಸವಾಳ, ಗುಲಾಬಿ, ಮಲ್ಲಿಗೆ, ಲಿಂಬೆಗಳಲ್ಲಿ ಇದು ಹೆಚ್ಚು. ಹೀಗಿರುವಾಗ ನಾನು ಹತ್ತು ಲೀಟರ್ ನೀರಿಗೆ ಮುಕ್ಕಾಲು ಚಹಾ ಚಮಚ ಲಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಹದಿನೈದು ದಿನಕ್ಕೊಮ್ಮೆ ಹಾಕುತ್ತೇನೆ. ಇದು ನನ್ನ ಬೋರಿಗೆ ಹೊಂದಿದ ಅಳತೆ. ನಿಮ್ಮ ನೀರು ಬೇರೆಯಾದರೆ ಅಳತೆಯೂ ಬೇರೆ. ಒಂದು ಮಾತು ನೆನಪಿರಲಿ, ಹುಳಿ ಹಾಕಿದರೆ ಕ್ಷಾರ ಇಳಿಯುತ್ತದೆ, ಉಪ್ಪು ಇಳಿಯುವುದಿಲ್ಲ. ಮೀಟರ್ ಅದ್ದಿ ನೋಡಿದರೆ ಅಂಕಿ ಅಷ್ಟೇ ಇರುತ್ತದೆ.

ಮೀಟರಿಗೆ ಕಾಣದ ಇನ್ನೊಂದು ಸಂಗತಿಯೂ ಇದೆ. ಹೊಸ ಅಪಾರ್ಟ್‌ಮೆಂಟ್ ಒಂದರಿಂದ ಬರುವ ಗಿರಾಕಿಯೊಬ್ಬರ ತುಳಸಿ ಮೂರು ಸಲ ಹೋಯಿತು. ನೀರಿನ ಅಂಕಿ 900, ಅಷ್ಟೇನೂ ಕೆಟ್ಟದ್ದಲ್ಲ. ಕುಂಡದ ಮಣ್ಣು ಮಾತ್ರ ವಿಚಿತ್ರವಾಗಿತ್ತು. ಮೇಲೆ ನೀರು ನಿಂತೇ ಇರುತ್ತದೆ, ಕೆಳಗೆ ಇಳಿಯದು. ಒಣಗಿದರೆ ಹೆಂಟೆ ಕಲ್ಲಾಗುತ್ತದೆ. ಕೇಳಿದರೆ ಕಟ್ಟಡಕ್ಕೆಲ್ಲ ಗಡಸು ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಕೂಡಿಸಿದ್ದಾರೆ. ಆ ಯಂತ್ರ ಉಪ್ಪನ್ನು ತೆಗೆಯುವುದಿಲ್ಲ, ಬದಲಿಸುತ್ತದೆ. ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಂಡು ಅದರ ಜಾಗದಲ್ಲಿ ಸೋಡಿಯಂ ಬಿಡುತ್ತದೆ. ಬಟ್ಟೆಗೆ, ಸ್ನಾನಕ್ಕೆ, ಗೀಸರಿಗೆ ಒಳ್ಳೆಯದು. ನಮ್ಮ ಎರೆ ಮಣ್ಣಿಗೆ ಮಾತ್ರ ಸೋಡಿಯಂನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಸುಣ್ಣದ ಅಂಶ ಮಣ್ಣಿನ ಕಣಗಳನ್ನು ಗುಂಪುಗುಂಪಾಗಿ ಹಿಡಿದಿರುತ್ತದೆ, ನಡುವೆ ಗಾಳಿ ಆಡುತ್ತದೆ. ಸೋಡಿಯಂ ಬಂದರೆ ಕಣಗಳು ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಹಾಳಾದ ಹೊಲಕ್ಕೆ ಜಿಪ್ಸಂ ಹಾಕುವುದು ಇದಕ್ಕಾಗಿಯೇ, ಸೋಡಿಯಂ ಕಿತ್ತು ಸುಣ್ಣದ ಅಂಶ ಕೂಡಿಸಲು. ಅವರಿಗೆ ಸಾಫ್ಟ್‌ನರ್‌ಗಿಂತ ಮೊದಲಿನ ನಳದಿಂದ ಒಂದು ಬಕೆಟ್ ಹಿಡಿದುಕೊಳ್ಳಲು ಹೇಳಿದೆ. ನಾಲ್ಕನೆಯ ತುಳಸಿ ಈಗ ಕಟ್ಟೆಯ ಮೇಲೆ ಮಂಜರಿ ಬಿಟ್ಟಿದೆ. ಬಟ್ಟೆ ತೊಳೆದ ಸೋಪಿನ ಪುಡಿಯ ನೀರಿಗೂ ಇದೇ ಮಾತು ಸಲ್ಲುತ್ತದೆ, ಅದರಲ್ಲಿಯೂ ಸೋಡಿಯಂ ತುಂಬಾ.

ಜನ ಹೆಚ್ಚಾಗಿ ಕೇಳುವ ಉಳಿದ ನೀರುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅಕ್ಕಿ, ಬೇಳೆ ತೊಳೆದ ನೀರು ಅದೇ ದಿನ ಹಾಕಿದರೆ ಒಳ್ಳೆಯದೇ, ಹುಳಿತರೆ ನುಸಿ ಬರುತ್ತದೆ. ಉಪ್ಪು ಹಾಕಿ ಬೇಯಿಸಿದ ನೀರು ಬೇಡ. ಮೀನು ಸಾಕಿದ ತೊಟ್ಟಿಯ ಸಿಹಿನೀರಿನಲ್ಲಿ ಸಾರಜನಕ ಇರುತ್ತದೆ, ಎಲೆ ತರಕಾರಿಗೆ ಹಬ್ಬ. ಎಸಿಯಿಂದ ಬೀಳುವ ನೀರು ಹೆಚ್ಚುಕಡಿಮೆ ಉಪ್ಪೇ ಇಲ್ಲದ್ದು, ಬೋರಿನ ನೀರಿಗೆ ಬೆರೆಸಿ ಹಾಕಿರಿ. ನಳದ ನೀರಿನ ಕ್ಲೋರಿನ್ ವಾಸನೆಗೆ ಹೆದರಬೇಕಿಲ್ಲ, ರಾತ್ರಿ ಬಾಯಿ ತೆರೆದ ಡ್ರಮ್ಮಿನಲ್ಲಿ ಇಟ್ಟರೆ ಬಹುಪಾಲು ಹೋಗುತ್ತದೆ.

ಸಿಹಿನೀರು ಇದ್ದವರು ಗೆದ್ದರು ಎಂದುಕೊಳ್ಳಬೇಡಿರಿ. ಕೃಷ್ಣೆ, ಘಟಪ್ರಭೆಯ ಕಾಲುವೆಯ ಬದಿಯಲ್ಲಿ ಕಬ್ಬಿಗೆ ನೀರು ಕಟ್ಟಿ ಕಟ್ಟಿ ಬಿಳಿಯಾದ ಹೊಲಗಳನ್ನು ನೋಡಿದ್ದೇನೆ. ಸವಳು ಎಂದರೆ ಉಪ್ಪು, ಜವಳು ಎಂದರೆ ನೀರು ಬಸಿಯದೆ ನಿಲ್ಲುವುದು; ಸವಳು ಜವಳು ಎಂದು ಒಟ್ಟಿಗೇ ಹೇಳುತ್ತೇವೆ, ಏಕೆಂದರೆ ಒಂದರ ಹಿಂದೆ ಇನ್ನೊಂದು ಬರುತ್ತದೆ. ನೀರು ಹೆಚ್ಚಾಗಿ ಬಸಿದು ಹೋಗದೆ ಅಂತರ್ಜಲ ಮೇಲಕ್ಕೆ ಏರುತ್ತದೆ, ಮಣ್ಣೊಳಗಿನ ಉಪ್ಪನ್ನು ಹೊತ್ತು ಬರುತ್ತದೆ, ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಕೂಡುತ್ತದೆ. ತೂತಿಲ್ಲದ ಕುಂಡವೂ ಅಂಥದೇ ಒಂದು ಸಣ್ಣ ಜವಳು ಹೊಲ. ಚಂದದ ತೂತಿಲ್ಲದ ಪಿಂಗಾಣಿ ಕುಂಡ ತಂದು ‘ಇದರಲ್ಲೇ ನೆಟ್ಟು ಕೊಡಿರಿ’ ಎನ್ನುವವರಿಗೆ ನಾನು ಒಪ್ಪುವುದಿಲ್ಲ. ವ್ಯಾಪಾರ ಹೋದರೂ ಸರಿ.

ಎಲ್ಲಕ್ಕಿಂತ ಒಳ್ಳೆಯ ನೀರು ಮಳೆಯದು. ನಮ್ಮ ಶೆಡ್ಡಿನ ತಗಡಿನ ಮೇಲೆ ಬಿದ್ದು ಬಂದದ್ದು ಮೀಟರಿನಲ್ಲಿ 20, ಮೊದಲ ಮಳೆಯ ಕೊಳೆ ನೀರನ್ನು ಬಿಟ್ಟ ಮೇಲೆ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಶೆಡ್ಡು 600 ಚದರಡಿ, ಅಂದರೆ 56 ಚದರ ಮೀಟರ್. ನಮ್ಮ ಜಿಲ್ಲೆಯ ಮಳೆಯನ್ನು ವರ್ಷಕ್ಕೆ 600 ಮಿಲಿಮೀಟರ್ ಎಂದು ಹಿಡಿದರೂ ಮೂವತ್ತು ಸಾವಿರ ಲೀಟರಿಗಿಂತ ಹೆಚ್ಚು. ಒಂದಷ್ಟು ಚೆಲ್ಲಿ ಹೋಗುತ್ತದೆ, ಎಲ್ಲವನ್ನೂ ಹಿಡಿದಿಡಲು ನನ್ನ ಬಳಿ ತೊಟ್ಟಿಯೂ ಇಲ್ಲ. ಇರುವುದು ಹತ್ತು ಸಾವಿರ ಲೀಟರಿನದು. ಅದನ್ನು ಹೆಚ್ಚಾಗಿ ಸಸಿ ಟ್ರೇಗಳಿಗೆ ಮೀಸಲಿಟ್ಟಿದ್ದೇನೆ. ದೊಡ್ಡ ಗಿಡಗಳಿಗೆ ಮಳೆ ನೀರು, ಬೋರಿನ ನೀರು ಸಮಸಮ ಬೆರೆಸಿ ಹಾಕುತ್ತೇನೆ, 1,600 ಇದ್ದದ್ದು 800ರ ಆಸುಪಾಸಿಗೆ ಬರುತ್ತದೆ. ಈ ಊರಿನಲ್ಲಿ 1651ರಲ್ಲೇ ಬೇಗಂ ತಾಲಾಬ್ ಕಟ್ಟಿಸಿ, ಮಣ್ಣಿನ ಕೊಳವೆಗಳಲ್ಲಿ ಕೋಟೆಯೊಳಗೆ ನೀರು ಹರಿಸಿದ್ದರು. ಅಂಥ ಊರಿನಲ್ಲಿ ಮಾಳಿಗೆಯ ಮಳೆ ನೀರು ಗಟಾರಕ್ಕೆ ಬೀಳುವ ಸದ್ದು ಕೇಳಿದರೆ ನನಗೆ ಸಂಕಟವಾಗುತ್ತದೆ.

ಆ ಅಕ್ಕನ ಲಿಂಬೆ ಗಿಡವನ್ನು ನಾನು ಇಲ್ಲೇ ಇಟ್ಟುಕೊಂಡೆ. ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಏರಿಸಿ, ಕೆಳಗೆ ಬೋಗುಣಿ ಇಟ್ಟು, ತೊಟ್ಟಿಯ ಮಳೆ ನೀರನ್ನು ನಿಧಾನವಾಗಿ ಸುರಿದೆ. ಮೊದಲು ಸೋರಿದ ನೀರು ಚಹಾದ ಬಣ್ಣದ್ದು, ಮೀಟರ್ 4,800 ತೋರಿಸಿತು. ಹದಿನೈದು ಲೀಟರ್ ಇಳಿದ ಮೇಲೆ 2,900. ಅಷ್ಟಕ್ಕೆ ನಿಲ್ಲಿಸಿದೆ, ಬೇರಿಗೆ ಗಾಳಿಯೂ ಬೇಕು. ನಾಲ್ಕು ದಿನ ಬಿಟ್ಟು ಮತ್ತೆ ತೊಳೆದಾಗ 1,700ಕ್ಕೆ ಬಂತು. ಗೊಬ್ಬರ ಒಂದು ಚಿಟಿಕೆಯನ್ನೂ ಹಾಕಿಲ್ಲ. ಮೊನ್ನೆ ಕೆಳಗಿನ ಕೊಂಬೆಯಲ್ಲಿ ಮೂರು ಚಿಗುರು ಒಡೆದಿವೆ, ಅಂಚು ಸುಡದೆ ನೀಟಾಗಿ ಬಿಚ್ಚಿಕೊಂಡಿವೆ. ಫೋಟೊ ಕಳಿಸಿದೆ. ‘ಯಾವಾಗ ಬಂದು ಒಯ್ಯಲಿ ತಂಗಿ?’ ಎಂದು ಕೇಳಿದ್ದಾರೆ. ನಿನ್ನೆಯ ಅಂಕಿ 1,100 ಇತ್ತು. 800ಕ್ಕೆ ಇಳಿಯಲಿ, ಅಷ್ಟರಲ್ಲಿ ನಿಮ್ಮ ಮಾಳಿಗೆಯ ಪೈಪಿನ ಕೆಳಗೆ ಒಂದು ಡ್ರಮ್ ಇಡಿಸಿರಿ ಎಂದು ಹೇಳಿದ್ದೇನೆ.